ಪಟ್ಟಿಯಲ್ಲಿ ಇಲ್ಲದವರು

ಡಿಜಿಟಲ್ ಹೆಲ್ತ್ ಸ್ನಾತಕೋತ್ತರ ತರಗತಿಯಲ್ಲಿ ನನ್ನ ಪಕ್ಕ ಒಬ್ಬ ಡಾಕ್ಟರ್, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಕೂರುತ್ತಾರೆ. ನಾನು ಸಂಖ್ಯಾಶಾಸ್ತ್ರದವಳು. ಮೂರು ವಿದ್ಯೆ ಒಂದೆಡೆ ಸೇರಿದಾಗ ತಪ್ಪಾದರೆ ಹೊಣೆ ಯಾರದು?

2019ರಲ್ಲಿ ಜಿಯಾದ್ ಒಬರ್ಮೇಯರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಹೇಳಲು ಅಮೆರಿಕದಲ್ಲಿ ಬಳಸುತ್ತಿದ್ದ ಅಲ್ಗಾರಿದಮ್ ಒಂದು ಕಾಯಿಲೆಯ ಬದಲು ಚಿಕಿತ್ಸೆಯ ಖರ್ಚನ್ನು ಲೆಕ್ಕಹಾಕುತ್ತಿತ್ತು. ಅಷ್ಟೇ ಕಾಯಿಲೆಯಿದ್ದರೂ ಕಪ್ಪುಜನರಿಗೆ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಅವರು ಆರೋಗ್ಯವಂತರಂತೆ ಕಂಡರು. ಇದನ್ನು ಸರಿಪಡಿಸಿದರೆ ನೆರವಿಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ. 17.7ರಿಂದ 46.5ಕ್ಕೆ ಏರುತ್ತಿತ್ತು.

ನಮ್ಮಲ್ಲೂ 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಂತು. ಈಗ 14 ಅಂಕಿಯ ಆಭಾ ಸಂಖ್ಯೆಗೆ ದಾಖಲೆಗಳು ಜೋಡಣೆಯಾಗುತ್ತಿವೆ. ಆದರೆ ನಾನಿರುವ ಮಲ್ಕಾಜ್‌ಗಿರಿಯಲ್ಲಿ ಕೂಲಿ ತಪ್ಪುತ್ತದೆಂದು ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ಜ್ವರ ಕಳೆಯುವವನು, ಊರಲ್ಲಿ ‘ಏನಿಲ್ಲ ಬಿಡು’ ಎಂದು ಮಂಡಿನೋವು ನುಂಗುವ ಅವ್ವ, ಇಬ್ಬರ ಪುಟವೂ ಖಾಲಿಯೇ. ಆ ಖಾಲಿಯನ್ನು ಆರೋಗ್ಯವೆಂದು ಓದಿದರೆ ಅದು ಬರೀ ಕಂಪ್ಯೂಟರಿನ ತಪ್ಪೇ?

ಡಾಕ್ಟರ್ ‘ಬಂದವರನ್ನು ನೋಡಿದೆ’ ಎನ್ನಬಹುದು. ಎಂಜಿನಿಯರ್ ‘ಕೊಟ್ಟದ್ದಕ್ಕೆ ಕೋಡ್ ಬರೆದೆ’ ಎನ್ನಬಹುದು. ನಾನು ‘ಇದ್ದದ್ದನ್ನು ಎಣಿಸಿದೆ’ ಎನ್ನಬಹುದು. ಮೂರೂ ನಿಜವೇ, ಆದರೂ ಅನ್ಯಾಯ ನಡೆದುಹೋಗಿರುತ್ತದೆ. ಇಂಥ ಹೊಣೆಯನ್ನು ಮೂರು ಪಾಲು ಮಾಡಲಾಗದು, ಒಬ್ಬೊಬ್ಬರೂ ಪೂರ್ತಿಯಾಗಿಯೇ ಹೊರಬೇಕು ಎಂದು ನನಗನ್ನಿಸುತ್ತದೆ. ಪಟ್ಟಿ ಮುಂದೆ ಬಂದಾಗ ‘ಇದರಲ್ಲಿ ಯಾರಿಲ್ಲ?’ ಎಂದು ಕೇಳಲು ಡಾಕ್ಟರೇ ಆಗಬೇಕಿಲ್ಲ, ಎಂಜಿನಿಯರೇ ಆಗಬೇಕಿಲ್ಲ. ಮೊದಲು ಕಂಡವರು ಕೇಳಬೇಕು.