ತೀರ್ಪಿನಾಚೆಯ ಹಾಡು

ಏನಾಯಿತು, ಯಾರು ಮಾಡಿದರು, ಸಾಕ್ಷಿ ಏನು? ನ್ಯಾಯಾಲಯ ಕೇಳಬೇಕಾದದ್ದು ಇಷ್ಟೇ. ಆದರೆ ಒಂದು ಸಮಾಜವಾಗಿ ನಾವು ತಿಳಿಯಬೇಕಾದದ್ದೂ ಇಷ್ಟೇ ಏನು? ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯಕ್ಕಾಗಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರು ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ನೀಡಿತು. ಇದೆಲ್ಲ ಓದಿದ್ದೇವೆ. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ನೆರೆಯವನನ್ನು ಒಳಗೆ ಬಿಡಬಾರದೆಂಬ ಹಟ ಒಂದು ಊರಿನೊಳಗೆ ಮನೆ ಸುಡುವ ಬೆಂಕಿಯವರೆಗೆ ಹೇಗೆ ಬೆಳೆಯುತ್ತದೆ? ಅದನ್ನು ಯಾವ ತೀರ್ಪಿನ ಪ್ರತಿಯಲ್ಲಿ ಓದೋಣ?

ಅದನ್ನು ತಿಳಿಯಲೆಂದೇ ಸಂಶೋಧಕರು ಪ್ರಶ್ನಾವಳಿ ಹಿಡಿದು ಜೈಲಿಗೆ ಹೋಗುತ್ತಾರೆ. ಪಾಪ, ಅವರ ಉದ್ದೇಶ ಒಳ್ಳೆಯದೇ. ಆದರೆ ಕೈದಿಗೆ ಪ್ರಶ್ನೆಗಳು ಹೊಸವೇ? ಪೊಲೀಸರು ಕೇಳಿದ್ದಾರೆ, ವಕೀಲರು ಕೇಳಿದ್ದಾರೆ, ಕಟಕಟೆಯಲ್ಲಿ ನಿಲ್ಲಿಸಿ ಕೇಳಿದ್ದಾರೆ. ಯಾವ ಪ್ರಶ್ನೆಗೆ ಎಷ್ಟು ಬಾಯಿ ಬಿಟ್ಟರೆ ಕ್ಷೇಮ ಎಂಬುದು ಅವನಿಗೆ ಕರಗತ. ಹೆಸರು, ಕಲಮು, ಶಿಕ್ಷೆಯ ಅವಧಿ ಹೇಳಿ ಸುಮ್ಮನಾಗುತ್ತಾನೆ. ಆದರೆ ಅವನೇ ಕಟ್ಟುವ ಕವಿತೆ ಅವನನ್ನು ಪ್ರಶ್ನಿಸುವುದಿಲ್ಲ. ಹಾಗಾಗಿಯೇ ಅದು ಕೆಲವೊಮ್ಮೆ ಉತ್ತರ ಪಡೆಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಲಾರೆಲ್ ರಿಚರ್ಡ್‌ಸನ್ 1990ರ ದಶಕದ ಆರಂಭದಲ್ಲಿ ಅವಿವಾಹಿತ ತಾಯಿಯೊಬ್ಬಳ ಸಂದರ್ಶನವನ್ನು ಅವಳದೇ ಮಾತುಗಳಲ್ಲಿ ಕವಿತೆಯಾಗಿ ಜೋಡಿಸಿದಾಗ ವಿದ್ವಾಂಸರು ಹುಬ್ಬೇರಿಸಿದ್ದರು.

ನಮಗೆ ಅದರಲ್ಲಿ ಅಚ್ಚರಿ ಏಕೆ? ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ನಮ್ಮ ಲಾವಣಿಗಳನ್ನು ಅಚ್ಚು ಹಾಕಿಸಿದ. ಹಲಗಲಿ ಬೇಡರ ದಂಗೆ, ಸಂಗ್ಯಾನ ಕೊಲೆ ಅವುಗಳಲ್ಲಿವೆ. ಸರ್ಕಾರದ ದಫ್ತರದಲ್ಲಿ ಅಪರಾಧವೆಂದು ದಾಖಲಾದದ್ದು ಜನರ ಬಾಯಲ್ಲಿ ಸಂಕಟವಾಗಿ, ಸೇಡಾಗಿ, ಕೆಲವೊಮ್ಮೆ ಅಭಿಮಾನವಾಗಿ ಉಳಿಯಿತು. ಎರಡನ್ನೂ ಎದುರುಬದುರು ಇಟ್ಟು ಓದಿದಾಗಲಲ್ಲವೆ ಆ ಕಾಲ ನಮಗೆ ತಿಳಿಯುವುದು?

ನಮ್ಮ ಕಾಲದಲ್ಲೂ ಬಳ್ಳಾರಿ, ಮೈಸೂರು ಜೈಲುಗಳಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿದ್ದನ್ನು ಕಂಡಿದ್ದೇವೆ. ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕ’ದಲ್ಲಿ ಕೊಲೆಗಾರ ಅರಸನ ಮಾತನ್ನು, ಕೊಲೆಯ ಶಿಕ್ಷೆ ಅನುಭವಿಸುತ್ತಿರುವವನೇ ಆಡುವುದೆಂದರೇನು? ತನ್ನ ಕತೆಯನ್ನು ಹೇಳದೆಯೇ ಅವನು ಹೇಳುತ್ತಿದ್ದಾನೆ. ಪಾತ್ರದ ಈ ಮರೆಯೇ ಅವನಿಗೆ ಧೈರ್ಯ.

ನಮ್ಮ ಕೊಪ್ಪಳ ಸೀಮೆಗೆ ಇನ್ನೊಂದು ಮಾತೂ ಸಲ್ಲುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಜೈಲು ಸೇರಿದ ಎಷ್ಟೋ ಮಂದಿಯ ಕೈಗೆ ಪೆನ್ನು ಒಗ್ಗದು, ಕೊರಳಿಗೆ ಹಾಡು ಒಗ್ಗಿದೆ. ಮೊಹರಮ್ಮಿನ ರಿವಾಯತ್ ಪದ, ಭಜನೆಯ ತತ್ವಪದ, ಗೀಗೀ ಮೇಳದ ಸವಾಲ್-ಜವಾಬು ಕೇಳಿ ಬೆಳೆದವರು. ಗೀಗೀಯಲ್ಲಿ ಮುಂದೆ ನಿಂತು ಹಾಡುವವನು ಒಂದು ಸೊಲ್ಲು ಎತ್ತುತ್ತಾನೆ, ದಪ್ಪು ತುಂತುಣಿಯ ನಡುವೆ ಹಿಮ್ಮೇಳ ‘ಗೀಯ’ ಎಂದು ಎಳೆಯುತ್ತದೆ. ಆ ಎಳೆತದಲ್ಲಿ ಮುಂದಿನ ಸೊಲ್ಲನ್ನು ಯೋಚಿಸಲು ಅವನಿಗೆ ಬಿಡುವು ಸಿಗುತ್ತದೆ. ಸಂಶೋಧಕನೂ ಹಿಮ್ಮೇಳದಲ್ಲಿ ನಿಲ್ಲಲು ಕಲಿಯಬೇಡವೆ?

ಹಾಗೆಂದು ಕೈದಿಯ ಕವಿತೆಯೆಲ್ಲ ಸತ್ಯವೆಂದು ನಂಬುವುದು ಮೂರ್ಖತನ. ಜೈಲಿನಿಂದ ಹೊರಡುವ ಕಾಗದವನ್ನು ಅಧಿಕಾರಿ ಓದುತ್ತಾರೆ. ಸನ್ನಡತೆಯ ಬಿಡುಗಡೆಯ ಆಸೆಗೆ ಪಶ್ಚಾತ್ತಾಪದ ಪದ್ಯ ಸಲೀಸಾಗಿ ಹುಟ್ಟುತ್ತದೆ. ಅದಕ್ಕಿಂತ ದೊಡ್ಡ ಅಪಾಯವೊಂದಿದೆ. ಒಳಗಿರುವವನ ನೋವಿಗೆ ಕಿವಿಗೊಟ್ಟು, ಅವನಿಂದ ನೊಂದವರನ್ನು ಮರೆತರೆ ಅದು ಸಂಶೋಧನೆಯಲ್ಲ, ಪಕ್ಷಪಾತ. ಮನೆ ಸುಟ್ಟುಕೊಂಡವರ ಹಾಡನ್ನು ಬರೆದುಕೊಳ್ಳದವರಿಗೆ ಮನೆ ಸುಟ್ಟವರ ಹಾಡು ಕೇಳುವ ಹಕ್ಕಿಲ್ಲ.

ಕೊಪ್ಪಳಕ್ಕೆ ಈಗ ತನ್ನದೇ ವಿಶ್ವವಿದ್ಯಾಲಯವಿದೆ. ಅಲ್ಲಿನ ಮೇಷ್ಟ್ರುಗಳೇ, ನಿಮ್ಮ ವಿದ್ಯಾರ್ಥಿಗಳನ್ನು ಮೊದಲು ಕೇರಿಗೆ, ಆಮೇಲೆ ಜೈಲಿಗೆ ಕಳಿಸಿ. ಪ್ರಶ್ನಾವಳಿ ಬ್ಯಾಗಿನಲ್ಲೇ ಇರಲಿ. ಹಾಡಿದವರ ಒಪ್ಪಿಗೆಯಿಲ್ಲದೆ ಒಂದು ಸಾಲನ್ನೂ ಹೊರಗೆ ತರಬೇಡಿರೆಂದು ಹೇಳಿ ಕಳಿಸಿ.