ಗಿಡ ನೆಟ್ಟಾಯ್ತು, ಹಕ್ಕಿ ಬಂತಾ?

ನಮ್ಮ ಕೆಲಸ ನಾವು ಮಾಡೋಣ, ಫಲದ ಚಿಂತೆ ಬೇಡ. ಈ ಮಾತು ಕೇಳಿಕೊಂಡೇ ನಾವೆಲ್ಲ ದೊಡ್ಡವರಾದೆವು. ಪರೀಕ್ಷೆ ಕೆಟ್ಟಾಗ ಅದೊಂದು ಸಮಾಧಾನ, ಅಪ್ರೈಸಲ್ ಕೆಟ್ಟಾಗ ಇನ್ನೂ ದೊಡ್ಡ ಸಮಾಧಾನ. ಆದರೆ ಇನ್ನೊಬ್ಬರಿಗೆ ಅಂತ ಮಾಡುವ ಒಳ್ಳೆ ಕೆಲಸಕ್ಕೂ ಇದು ಹೊಂದುತ್ತಾ? ಒಳ್ಳೆ ಮನಸ್ಸಿನಿಂದ ಮಾಡಿದರೆ ಸಾಕಾ, ಅದು ತಲುಪಬೇಕಾದವರಿಗೆ ತಲುಪಿತಾ ಅಂತ ನೋಡೋದೂ ನಮ್ಮ ಜವಾಬ್ದಾರಿಯಾ? ಆಗ್ನೇಯ ಆಸ್ಟ್ರೇಲಿಯಾದ ಹಕ್ಕಿಗಳ ಕಥೆ ಓದುತ್ತಾ ಓದುತ್ತಾ ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿದುಕೊಂಡಿತು.

ಅಲ್ಲಿನದು ನಮ್ಮ ಮಲೆನಾಡಿನಂಥ ದಟ್ಟ ಕಾಡಲ್ಲ. ಬಿಡಿಬಿಡಿಯಾಗಿ ನಿಂತ ನೀಲಗಿರಿ ಮರಗಳು, ನಡುವೆ ಹುಲ್ಲು, ಅಲ್ಲಲ್ಲಿ ಪೊದೆ. (ನಮ್ಮಲ್ಲಿ ಎಲ್ಲರಿಂದ ಬೈಸಿಕೊಳ್ಳುವ ನೀಲಗಿರಿಗೆ ಅದು ತವರು.) ಗೋಧಿ ಬೆಳೆಯೋಕೆ, ಕುರಿ ಮೇಯಿಸೋಕೆ ಅಂತ ಇಂಥ ಕಾಡಿನ ಬಹುಪಾಲನ್ನು ಕಡಿದು ಮುಗಿಸಿದರು. ಮರ ಹೋದಲ್ಲಿ ಹಕ್ಕಿಯೂ ಹೋಯಿತು. 2023ರಲ್ಲಿ ಹುಡೆಡ್ ರಾಬಿನ್, ಬ್ರೌನ್ ಟ್ರೀಕ್ರೀಪರ್, ಡೈಮಂಡ್ ಫೈರ್‌ಟೇಲ್ ಹಕ್ಕಿಗಳು ದೇಶದ ಅಪಾಯದ ಪಟ್ಟಿಗೆ ಸೇರಿದವು. ಇವು ಎಲ್ಲೋ ಮೂಲೆಯ ಅಪರೂಪದ ಹಕ್ಕಿಗಳಲ್ಲ, ಒಂದು ಕಾಲಕ್ಕೆ ರೈತರ ಬೇಲಿ ಮೇಲೆ ಕೂರುತ್ತಿದ್ದವು.

ಹಾಗಾಗಿ ರೈತರು, ಸಂಘಗಳು, ಸರ್ಕಾರ ಎಲ್ಲ ಸೇರಿ ದಶಕಗಳಿಂದ ಗಿಡ ನೆಡುತ್ತಿದ್ದಾರೆ. ಕಥೆ ಇಲ್ಲಿಗೇ ಮುಗಿದಿದ್ದರೆ ಫೋಟೊ ತೆಗೆದು ಮನೆಗೆ ಹೋಗಬಹುದಿತ್ತು. ಆದರೆ ಕೆಲವರು ವಾಪಸ್ ಬಂದು ಎಣಿಸಿದರು. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಡೇವಿಡ್ ಲಿಂಡೆನ್‌ಮೇಯರ್ ಮತ್ತು ಸಂಗಡಿಗರು ನ್ಯೂ ಸೌತ್ ವೇಲ್ಸ್‌ನ ಹೊಲಗಳಲ್ಲಿ 20 ವರ್ಷಕ್ಕೂ ಹೆಚ್ಚು ಕಾಲದಿಂದ ಎಣಿಸುತ್ತಿದ್ದಾರೆ. ಆ ದೇಶದ ಹವ್ಯಾಸಿಗಳಿಗೂ ಒಂದು ಸರಳ ವಿಧಾನ ಇದೆ. 2 ಹೆಕ್ಟೇರ್ ಜಾಗ, 20 ನಿಮಿಷ, ಕಂಡದ್ದನ್ನೂ ಕೇಳಿದ್ದನ್ನೂ ಬರೆದುಕೊಳ್ಳೋದು. ಮುಂದಿನ ವರ್ಷ ಮತ್ತೆ ಅದೇ ಜಾಗ. ಗಿಡ ನೆಡದೆ ಬಿಟ್ಟ ಜಾಗದಲ್ಲೂ, ಹಳೇ ಕಾಡಿನ ತುಂಡುಗಳಲ್ಲೂ ಎಣಿಸಬೇಕು. ಇಲ್ಲದಿದ್ದರೆ ಹಕ್ಕಿ ಹೆಚ್ಚಾಗಿದ್ದು ಗಿಡದಿಂದಲೋ ಆ ವರ್ಷದ ಒಳ್ಳೆ ಮಳೆಯಿಂದಲೋ ಹೇಳೋಕಾಗಲ್ಲ.

ಎಣಿಸಿದಾಗ ಒಳ್ಳೆ ಸುದ್ದಿಯೂ ಸಿಕ್ಕಿತು. ನೆಟ್ಟ ತೋಪುಗಳಿಗೆ ಸೂಪರ್ಬ್ ಫೇರಿರೆನ್, ರೂಫಸ್ ವಿಸ್ಲರ್ ಥರದ ಪುಟ್ಟ ಹಕ್ಕಿಗಳು ಬಂದವು. ಕೆಟ್ಟ ಸುದ್ದಿಯ ಹೆಸರು ನಾಯ್ಸಿ ಮೈನರ್. ಇದು ನಮ್ಮ ಮೈನಾ ಅಲ್ಲ, ಅಲ್ಲಿಯದೇ ಬೂದುಬಣ್ಣದ ಹಕ್ಕಿ. ಗುಂಪು ಕಟ್ಟಿಕೊಂಡು ಚಿಕ್ಕ ಹಕ್ಕಿಗಳನ್ನೆಲ್ಲ ಓಡಿಸಿಬಿಡುತ್ತೆ. ಇದರ ಈ ದಬ್ಬಾಳಿಕೆಯನ್ನೇ 2014ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅಧಿಕೃತವಾಗಿ ಒಂದು ಅಪಾಯ ಅಂತ ಘೋಷಿಸಿತು. ಇದಕ್ಕೆ ಇಷ್ಟವಾಗೋದು ಪೊದೆಯಿಲ್ಲದ, ತೆರೆದ ನೀಲಗಿರಿ ತೋಪು. ಅಂದರೆ ಮರ ಮಾತ್ರ ನೆಟ್ಟು ಪೊದೆ ಮರೆತರೆ, ಯಾರಿಗೆ ಮನೆ ಕಟ್ಟಿದೆವೋ ಅವರನ್ನು ಹೊರಗಟ್ಟುವವನಿಗೇ ಬೀಗದ ಕೈ ಕೊಟ್ಟ ಹಾಗೆ. ಗಿಡದ ಲೆಕ್ಕ ಮಾತ್ರ ಇಟ್ಟವರಿಗೆ ಇದು ಎಂದೂ ಗೊತ್ತಾಗುತ್ತಿರಲಿಲ್ಲ. ಅವರ ಪುಸ್ತಕದಲ್ಲಿ ಎಲ್ಲ ಸರಿಯಾಗೇ ಇರುತ್ತಿತ್ತು.

ನನ್ನ ಸ್ನೇಹಿತನೊಬ್ಬನ ತಕರಾರು ಹೀಗಿದೆ: "ಎಣಿಸೋ ದುಡ್ಡಲ್ಲಿ ಇನ್ನೊಂದಷ್ಟು ಗಿಡ ನೆಡಬಹುದಲ್ಲ ಮಾರಾಯ?" ಇದು ಹಗುರವಾದ ಮಾತಲ್ಲ. ದುಡ್ಡು ಯಾವಾಗಲೂ ಕಮ್ಮಿಯೇ. ಹಕ್ಕಿ ಕಣ್ಮರೆಯಾಗುತ್ತಿರುವಾಗ ಪೆನ್ನು ಹಿಡಿದು ಕೂರೋದು ಕ್ರೂರ ಅಂತಲೂ ಅನಿಸಬಹುದು. ಆದರೆ ನೆಡುವ ರೀತಿಯೇ ತಪ್ಪಿದ್ದರೆ ಇನ್ನಷ್ಟು ನೆಡೋದು ಅಂದರೆ ಅದೇ ತಪ್ಪನ್ನು ದೊಡ್ಡದು ಮಾಡೋದು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಟೆಸ್ಟ್ ಮಾಡದ ಕೋಡನ್ನು ಸಾವಿರ ಸರ್ವರ್‌ಗೆ ಹಾಕಿದ ಹಾಗೆ.

ಈಗ ಫಲದ ಮಾತಿಗೆ ಬರೋಣ. ನಾನು ಹಳ್ಳಿಯಲ್ಲಿ ಬೆಳೆದವನು. ಬಿತ್ತಿದ ಮೇಲೆ ಹೊಲದ ಕಡೆ ತಲೆ ಹಾಕದವನನ್ನು ನಮ್ಮೂರಲ್ಲಿ ಯಾರೂ ನಿಷ್ಕಾಮ ಕರ್ಮಿ ಅಂತ ಕೊಂಡಾಡಲ್ಲ, ಸೋಮಾರಿ ಅಂತಾರೆ. ಮೊಳಕೆ ಎಲ್ಲಿ ಬಂದಿಲ್ಲ ಅಂತ ನೋಡೋದೂ ಬಿತ್ತನೆಯದೇ ಭಾಗ. ಫಲ ನನಗೆ ಬೇಕು ಅನ್ನೋದು ಒಂದು, ಫಲ ಅವರಿಗೆ ಸಿಕ್ಕಿತಾ ಅಂತ ಕೇಳೋದು ಇನ್ನೊಂದು. ಬಿಡಬೇಕಾಗಿರೋದು ಮೊದಲನೆಯದನ್ನು. ನಾವು ಜಾಣತನದಿಂದ ಎರಡನೆಯದನ್ನು ಬಿಟ್ಟು, ಹೊಗಳಿಕೆ ಅನ್ನೋ ಮೊದಲನೆಯದನ್ನು ಜೇಬಿಗೆ ಹಾಕಿಕೊಳ್ಳುತ್ತೇವೆ.

ಇನ್ನೂ ಒಂದು ಮಾತು. ಬ್ರೌನ್ ಟ್ರೀಕ್ರೀಪರ್ ಗೂಡು ಕಟ್ಟೋದು ಮರದ ಪೊಟರೆಯಲ್ಲಿ. ನೀಲಗಿರಿ ಮರದಲ್ಲಿ ಅದಕ್ಕೆ ಬೇಕಾದಂಥ ಪೊಟರೆ ಆಗೋಕೆ ಸಾಮಾನ್ಯವಾಗಿ ನೂರು ವರ್ಷವೋ ಇನ್ನೂ ಹೆಚ್ಚೋ ಬೇಕು. ಇವತ್ತು ನೆಟ್ಟವರು ಅದನ್ನು ನೋಡಲ್ಲ, ಇವತ್ತು ಎಣಿಸುವವರೂ ನೋಡಲ್ಲ. ಆದರೂ ಚಳಿಯ ಬೆಳಗ್ಗೆ ಎದ್ದು, ಅದೇ ಜಾಗದಲ್ಲಿ ನಿಂತು, ಆ ಹಕ್ಕಿಯ ಹೆಸರಿನ ಮುಂದೆ ಸೊನ್ನೆ ಬರೆಯುತ್ತಾರೆ. ಆ ಸೊನ್ನೆಗೆ ಚಪ್ಪಾಳೆ ಇಲ್ಲ, ಲೈಕ್ ಇಲ್ಲ. ಬರೆಯದೆ ಬಿಟ್ಟರೂ ಕೇಳುವವರಿಲ್ಲ. ಮುಂದೆ ಯಾರೋ ಅದನ್ನು ನೋಡಿ ಇನ್ನೂ ಸರಿಯಾಗಿ ನೆಡಲಿ ಅಂತ ಮಾತ್ರ ಬರೆಯೋದು. ನಿಷ್ಕಾಮ ಕರ್ಮ ಅಂತ ಯಾವುದನ್ನಾದರೂ ಕರೆಯಬೇಕಾದರೆ ನಾನು ಇದನ್ನು ಕರೆಯುತ್ತೇನೆ.

ಜೂನ್ ಬಂದರೆ ನಮ್ಮ ಆಫೀಸುಗಳಿಗೂ ಟೀಶರ್ಟು, ಬಸ್ಸು, ಗಿಡ ಎಲ್ಲ ಬರುತ್ತೆ. ಹೋಗಿ, ಖುಷಿಯಿಂದ ನೆಡಿ. ಜೊತೆಗೆ ಎರಡು ಪ್ರಶ್ನೆ ಕೇಳಿ. ಈ ಗಿಡ ಯಾರಿಗೋಸ್ಕರ? ಅವರು ಬಂದರಾ ಅಂತ ಮೂರನೇ ವರ್ಷ ಯಾರು ಬಂದು ನೋಡ್ತಾರೆ? ಎರಡನೆಯದಕ್ಕೆ ಉತ್ತರ ಸಿಗದಿದ್ದರೆ, ಆ ಕೆಲಸಕ್ಕೆ ನಿಮ್ಮ ಹೆಸರು ಬರೆಸಿ.