ಕೈಯ ಬೆಲೆ

ಉಂಡ ಮನೆಯ ಜಂತಿ ಎಣಿಸಬಾರದು ಎಂಬುದು ಹಿರಿಯರ ಮಾತು. ತರಗತಿಯಲ್ಲಿ ಮಕ್ಕಳಿಗೆ ನಾನೂ ಹೇಳಿಕೊಟ್ಟಿದ್ದೇನೆ. ಆದರೆ ದುಡಿದು ಉಂಡ ಮನೆಗೂ ಈ ಮಾತು ಸಲ್ಲುತ್ತದೆಯೇ? ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಮಾನ್ವಿ ಸೀಮೆಗೆ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಕುರ್ಡಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಅಂಥದೊಂದು ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ೨೦೦೪ರ ಸುಗ್ಗಿಯಲ್ಲಿ ಯಂತ್ರದ ಬೆಲ್ಟಿಗೆ ಸಿಕ್ಕಿ ಅವನ ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಸಾಹುಕಾರರು ಆಸ್ಪತ್ರೆಯ ಖರ್ಚು ಕೊಟ್ಟರು, ಮೇಲೆ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟರು, ಹಣ್ಣು ಹಿಡಿದುಕೊಂಡು ನೋಡಲೂ ಬಂದರು.

ಒಂದು ಸಂಜೆ ಅವನು ಛಾಪಾ ಕಾಗದ ಹಿಡಿದು ನಮ್ಮ ಮನೆಗೆ ಬಂದ. "ಅಕ್ಕೋರ, ಓದಿ ಹೇಳ್ರಿ. ನೀವು ಒತ್ತು ಅಂದ್ರ ಒತ್ತತೀನಿ" ಎಂದ. ತಪ್ಪು ತನ್ನದೇ, ಹಣ ಮುಟ್ಟಿದೆ, ಮುಂದೆ ತನ್ನದಾಗಲಿ ತನ್ನ ವಾರಸುದಾರರದಾಗಲಿ ತಕರಾರಿಲ್ಲ ಎಂದು ಅದರಲ್ಲಿತ್ತು. ಓದಿ ಹೇಳಿದೆ. "ಇಷ್ಟು ಕೊಟ್ಟಾರಲ್ಲಪ್ಪ, ಇನ್ನೇನು? ಒತ್ತು" ಎಂದೆ. ನನ್ನ ಮಸಿಪೆಟ್ಟಿಗೆಯಲ್ಲೇ ಎಡಗೈ ಹೆಬ್ಬೆಟ್ಟು ಅದ್ದಿ ಒತ್ತಿದ.

ಆರು ವರ್ಷಗಳ ಮೇಲೆ ಒಂದು ಕಾನೂನು ಅರಿವಿನ ಕಾರ್ಯಕ್ರಮದಲ್ಲಿ ಕುಳಿತಾಗ ನನಗೆ ಬೆವರೊಡೆಯಿತು. ೧೯೨೩ರ ಕಾರ್ಮಿಕ ಪರಿಹಾರ ಕಾಯ್ದೆಯ ಪ್ರಕಾರ ಕೆಲಸದಲ್ಲಿ ಗಾಯವಾದರೆ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಾಗಿರಲಿಲ್ಲ. ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮೀರಿದ್ದರೆ ಮಾತು ಬೇರೆ; ಬರಿಯ ಕೈಮರೆವು ಹಕ್ಕನ್ನು ಕಳೆಯುತ್ತಿರಲಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾಯ್ದೆಯ ೧೭ನೆಯ ಕಲಮಿನಂತೆ ಅಸಿಂಧು. ಆದರೆ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಅಂದರೆ ಆ ಕಾಗದ ಅವನ ಹಕ್ಕನ್ನು ಕಸಿದಿರಲೇ ಇಲ್ಲ. ಕಸಿದದ್ದು ನನ್ನ ಮಾತು.

ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಅರ್ಜಿ ತೆಗೆದುಕೊಳ್ಳಬಹುದಿತ್ತು. ಓಡಿಹೋಗಿ ಅವನಿಗೆ ಹೇಳಿದೆ. ಅವನು ನಕ್ಕ. "ಬ್ಯಾಡ್ರಿ ಅಕ್ಕೋರ. ಹೋದ ಕೈ ಬರಂಗಿಲ್ಲ, ಕೊಟ್ಟ ಮಾತರ ಉಳೀಲಿ" ಎಂದ. ಅವನ ಮಾತು ದೊಡ್ಡದು. ಆದರೆ ಆ ದೊಡ್ಡತನದ ಖರ್ಚು ಹೊತ್ತವಳು, ಏಳನೆಯ ತರಗತಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದ ಅವನ ಮಗಳು.

ಆ ಕಾಯ್ದೆಯಲ್ಲೊಂದು ಪಟ್ಟಿ ಇತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ ೩೦ ನಷ್ಟ, ಒಂದು ಕಣ್ಣು ಹೋದರೆ ೪೦, ಒಂದು ಕೈ ಹೋದರೆ ೬೦. ಮೊದಲು ಓದಿದಾಗ ಮೈ ಜುಮ್ಮೆಂದಿತು, ಮನುಷ್ಯನನ್ನು ತಕ್ಕಡಿಗೆ ಹಾಕಿದಂತೆ. ಈಗ ಹಾಗನ್ನಿಸುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಬೆಲೆ ಕಟ್ಟುವುದು ತಪ್ಪುವುದಿಲ್ಲ. ಕೊಡುವವನ ಮನಸ್ಸು ಕಟ್ಟುತ್ತದೆ. ಇಪ್ಪತ್ತು ಸಾವಿರವೂ ಹಾಗೆ ಕಟ್ಟಿದ ಬೆಲೆಯೇ. ಪಟ್ಟಿಯೇ ಕೊನೆಯ ಮಾತೂ ಅಲ್ಲ. ಒರಿಸ್ಸಾದಲ್ಲಿ ಚಿತ್ರಮಂದಿರದ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಒಂದು ಕೈಯಿಂದ ಬಡಗಿತನ ನಡೆಯದು, ಆದ್ದರಿಂದ ನಷ್ಟ ಪೂರ್ಣ ಎಂದು ಸುಪ್ರೀಂ ಕೋರ್ಟು ೧೯೭೫ರಲ್ಲಿ ಒಪ್ಪಿತು. ಗಾಯವಾದ ಕ್ಷಣದಿಂದಲೇ ಮಾಲೀಕ ಬಾಕಿದಾರ ಎಂದೂ ಹೇಳಿತು. ಒಂದು ಕೈಯಿಂದ ಹಮಾಲಿ ಮಾತ್ರ ನಡೆಯುತ್ತದೆಯೇ?

೨೦೨೫ರ ನವೆಂಬರಿನಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದಲ್ಲಾದ ಗಾಯಕ್ಕೆ ಮಾಲೀಕ ಹೊಣೆ ಎಂಬ ತತ್ವ ಅದರಲ್ಲೂ ಉಳಿದಿದೆ.

ಸಾಹುಕಾರರು ಕೆಟ್ಟವರಲ್ಲ. ಅವರ ಹಣ್ಣಿನಲ್ಲಿ ಪ್ರೀತಿ ಇತ್ತು. ಆದರೆ ಸಾಲ ತೀರಿಸಿದ ಮೇಲೆ ಕೊಟ್ಟದ್ದು ದಯೆ. ಸಾಲದ ಬದಲಿಗೆ ಕೊಟ್ಟದ್ದು ದಯೆಯಲ್ಲ. ಬಾಕಿ ಪಡೆದವನು ತಲೆಯೆತ್ತಿ ನಡೆಯುತ್ತಾನೆ, ಭಿಕ್ಷೆ ಪಡೆದವನು ಕೈ ಮುಗಿಯಬೇಕು. ಮುಗಿಯಲು ಅವನಿಗೆ ಎರಡು ಕೈಗಳೂ ಇರಲಿಲ್ಲ.

ಈಗಲೂ ಜನ ಕಾಗದ ಹಿಡಿದು ನನ್ನ ಹತ್ತಿರ ಬರುತ್ತಾರೆ. ಓದಿ ಹೇಳುತ್ತೇನೆ. ಒತ್ತು ಎನ್ನುವುದಿಲ್ಲ. ಮಾನ್ವಿಯ ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ಕಾನೂನು ಸಲಹೆ ಸಿಗುತ್ತದೆ, ಮೊದಲು ಅಲ್ಲಿ ಕೇಳಿ ಬಾ ಎನ್ನುತ್ತೇನೆ.